ಸೀಗಡಿಗೆ ಹುಳುವಿನ ಉಣಿಸು

ಗಾಳಿಯಲ್ಲಿ ಹಾರುವ ನೊಣಕ್ಕೂ ನೀರಿನ ತಳದಲ್ಲಿ ತೆವಳುವ ಸೀಗಡಿಗೂ ಏನು ಸಂಬಂಧ? ಪ್ರಾಣಿಶಾಸ್ತ್ರವನ್ನು ಓದಿದ ವಿದ್ಯಾರ್ಥಿಯು ಎರಡೂ ಸಂಧಿಪದಿಗಳ ವರ್ಗಕ್ಕೆ ಸೇರಿದುವೆಂದು ಕೂಡಲೇ ಹೇಳಿಯಾನು. ಎರಡರ ಕಾಲುಗಳಲ್ಲೂ ಕೀಲುಗಳಿವೆ. ಎರಡರ ಹೊರಕವಚದಲ್ಲೂ ಕೈಟಿನ್ ಎಂಬ ವಸ್ತುವಿದೆ. ಈ ದೂರದ ನೆಂಟರಿಗೆ ಊಟದ ಸಂಬಂಧವೂ ಉಂಟು. ಸೀಗಡಿಯು ಕೀಟಗಳ ಮರಿಹುಳುಗಳನ್ನು ತಿನ್ನುತ್ತದೆ. ಸೀಗಡಿ ಸಾಕುವವರಿಗೆ ಇದು ಮಹತ್ವದ ಸಂಗತಿಯಾಗಿರುವುದೇಕೆಂಬುದನ್ನು ನೋಡೋಣ.

ಸೀಗಡಿ ಕೃಷಿಯ ವೆಚ್ಚದಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಆಹಾರಕ್ಕೇ ಹೋಗುತ್ತದೆ. ಆಹಾರದ ಗುಳಿಗೆಗಳಿಗೆ ಬೆರೆಸುವ ಬೆಲೆಯುಳ್ಳ ಪದಾರ್ಥವೆಂದರೆ ಮೀನಿನ ಹಿಟ್ಟು. 1 ಕಿಲೋಗ್ರಾಂ ಹಿಟ್ಟಿಗೆ 4ರಿಂದ 5 ಕಿಲೋಗ್ರಾಂ ಹಸಿ ಮೀನು ಬೇಕು. ನಮ್ಮ ಕರಾವಳಿಯ ಜನಸಾಮಾನ್ಯರ ಊಟದ ಮೀನಾದ ಬೂತಾಯಿಯೂ ಹಿಟ್ಟಿನ ಕಾರ್ಖಾನೆಗಳನ್ನು ಸೇರುವುದುಂಟು. ಕಡಲಿನ ಭಂಡಾರವಾದರೋ ಅಕ್ಷಯವಲ್ಲ. ಪೆರು ದೇಶದಲ್ಲಿ 1970ರಲ್ಲಿ 1 ಕೋಟಿ 20 ಲಕ್ಷ ಟನ್ನಿನಷ್ಟಿದ್ದ ಆಂಚೊವಿ ಮೀನಿನ ಫಸಲು, ಅತಿಯಾದ ಬೇಟೆಯಿಂದಲೂ ಎಲ್ ನಿನೊ ಎಂಬ ಬೆಚ್ಚನೆಯ ನೀರಿನ ಹಾವಳಿಯಿಂದಲೂ 1973ರ ವೇಳೆಗೆ ಸುಮಾರು 20 ಲಕ್ಷ ಟನ್ನಿಗೆ ಕುಸಿಯಿತು.

ಇದಕ್ಕೆ ಬದಲಿ ಆಹಾರದ ಸೂಚನೆಯು ಸೀಗಡಿಯ ಕೊಳದಲ್ಲಿಯೇ ಇದೆ. ಸೊಳ್ಳೆಯನ್ನು ಹೋಲುವ, ಆದರೆ ಕಚ್ಚದ ಒಂದು ಬಗೆಯ ಕೀಟವು ನೀರಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿಹುಳುವು ಕೆಂಪಾಗಿರುತ್ತದೆ; ನಮ್ಮ ರಕ್ತದಲ್ಲಿರುವಂತೆ ಅದರಲ್ಲಿಯೂ ಹೀಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ವಿರಳವಾದ ಕೆಸರಿನಲ್ಲಿಯೂ ಅದು ಬಾಳಬಲ್ಲುದು. ಸೀಗಡಿಯು ಆಹಾರವನ್ನು ಹಿಡಿದು ನಿಧಾನವಾಗಿ ಕೊರೆದು ತಿನ್ನುವ ಪ್ರಾಣಿ. ಅಷ್ಟರಲ್ಲಿ ಗುಳಿಗೆಯ ಸತ್ತ್ವವು ನೀರಿನಲ್ಲಿ ಕರಗಿಹೋಗುತ್ತದೆ. ಉಳಿದುದು ಕೊಳೆತು ನೀರನ್ನು ಕೆಡಿಸುತ್ತದೆ. ಜೀವಂತ ಹುಳುವಾದರೋ ತಿನ್ನುವವರೆಗೂ ಕೆಡದು.

ಆದರೆ ಕೊಳದಲ್ಲಿ ತಾನಾಗಿ ಹುಟ್ಟುವ ಹುಳುಗಳು ದೊಡ್ಡ ಕೃಷಿಗೆ ಸಾಲವು. ಆದುದರಿಂದ ಕೀಟಗಳನ್ನೇ ಸಾಕುವ ಉದ್ಯಮವು ಬೆಳೆದಿದೆ. ಇದರಲ್ಲಿ ಮುಂದಾಗಿರುವುದು ಅಮೆರಿಕ ಖಂಡದ ಮೂಲದ ಕಪ್ಪು ಸೈನಿಕ ನೊಣ. ಇದರ ಮೊಟ್ಟೆಯು ಸುಮಾರು 4 ದಿನಗಳಲ್ಲಿ ಒಡೆಯುತ್ತದೆ. ಮರಿಯು ತರಕಾರಿ, ಹಣ್ಣುಗಳ ಕಸವನ್ನು ತಿಂದು ಎರಡು ಮೂರು ವಾರಗಳಲ್ಲಿ ಕೊಬ್ಬುತ್ತದೆ. ಕೋಶಾವಸ್ಥೆಗೆ ಮುನ್ನ ಒಣ ಜಾಗವನ್ನು ಅರಸಿ ತಾನೇ ಹೊರಬರುವುದರಿಂದ ಅದನ್ನು ಹಿಡಿಯುವ ಶ್ರಮವೂ ಕಡಮೆ. ಒಣಗಿಸಿದ ಹುಳುವಿನಲ್ಲಿ ಸುಮಾರು ಶೇಕಡ 40 ಪಾಲು ಪ್ರೋಟೀನು ಇರುತ್ತದೆ. ಇದನ್ನು ಹೆಚ್ಚಾಗಿ ಪುಡಿಮಾಡಿ ಗುಳಿಗೆಗೆ ಸೇರಿಸುವರು.

ಹಾಗಾದರೆ ಮೀನಿನ ಹಿಟ್ಟನ್ನು ಪೂರ್ತಿಯಾಗಿ ಕೈಬಿಡಬಹುದೆ? ಬಿಡುವುದು ಸುಲಭವಲ್ಲ. ಸೀಗಡಿಗೆ ಅಗತ್ಯವಾದ, ಕಡಲಿನ ಮೀನುಗಳಲ್ಲಿ ಹೇರಳವಾಗಿರುವ ಕೆಲವು ಮೇದಾಮ್ಲಗಳು ಈ ಹುಳುವಿನಲ್ಲಿ ಅತ್ಯಲ್ಪ. ಹುಳುವಿಗೆ ಮೀನಿನ ತ್ಯಾಜ್ಯವನ್ನೋ ಕಡಲಪಾಚಿಯನ್ನೋ ತಿನ್ನಿಸಿದರೆ ಅವು ಹೆಚ್ಚುತ್ತವೆ. ಒಳ್ಳೆಯದು ಸೇರುವಂತೆಯೇ ಕೆಟ್ಟದ್ದೂ ಸೇರುತ್ತದೆ: ಕಸದಲ್ಲಿ ಕ್ಯಾಡ್ಮಿಯಂ ಲೋಹವಿದ್ದರೆ ಅದು ಹುಳುವಿನ ದೇಹದಲ್ಲಿ ಸಂಗ್ರಹವಾಗುತ್ತದೆ. ಸಜೀವ ಆಹಾರದಿಂದ ರೋಗದ ಭಯವೂ ಉಂಟು. ಎರೆಹುಳುವಿನ ಬಂಧುಗಳಾದ ಕೆಲವು ಕಡಲಹುಳುಗಳನ್ನು ಕೆಸರಿನಿಂದ ಅಗೆದು ತಾಯಿಸೀಗಡಿಗಳಿಗೆ ಉಣಿಸಿದಾಗ, ಬಿಳಿ ಚುಕ್ಕೆ ರೋಗದ ವೈರಸ್ಸು ಅವುಗಳ ಮೂಲಕ ಹರಡಬಲ್ಲುದೆಂದು ತಿಳಿದುಬಂದಿದೆ. ಯೂರೋಪಿನ ಒಕ್ಕೂಟವು 2017ರಲ್ಲಿ 7 ಜಾತಿಯ ಸಾಕಿದ ಕೀಟಗಳ ಪ್ರೋಟೀನನ್ನು ಜಲಕೃಷಿಯಲ್ಲಿ ಬಳಸಲು ಒಪ್ಪಿದಾಗ, ಅವುಗಳಿಗೆ ಎಂಜಲನ್ನಾಗಲಿ ಸೆಗಣಿಯನ್ನಾಗಲಿ ತಿನ್ನಿಸಕೂಡದೆಂದು ವಿಧಿಸಿದುದು ಇಂತಹ ಎಚ್ಚರಿಕೆಯಿಂದಲೇ.

ಹುಳು ತಿಂದುದು ಸೀಗಡಿಗೆ, ಸೀಗಡಿ ತಿಂದುದು ಮನುಷ್ಯನಿಗೆ ಸೇರುತ್ತದೆ. ಆದುದರಿಂದ ಹುಳುವಿನ ಊಟವು ಶುದ್ಧವಾಗಿರುವಂತೆ ನೋಡಿಕೊಂಡರೆ ಮಾತ್ರ ಕಸವನ್ನು ಆಹಾರವಾಗಿಸುವ ಈ ವಿದ್ಯೆಯು ಫಲಿಸೀತು. ಕಡಲಿನ ಮೀನಿನ ಮೇಲಿನ ಹೊರೆಯೂ ಅಷ್ಟರಮಟ್ಟಿಗೆ ಇಳಿದೀತು.