ಸ್ಪೆಕ್ಟ್ರಮ್ ತನ್ನ ಸ್ಮರಣೆಯನ್ನು ಅಳೆಯುವ ಬಗೆ

ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ ಸಂಸ್ಥೆಯು 1982ರಲ್ಲಿ ಹೊರತಂದ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರು 16 ಕೆ ಹಾಗೂ 48 ಕೆ ಎಂಬ ಎರಡು ಮಾದರಿಗಳಲ್ಲಿ, ಆರಂಭದಲ್ಲಿ ಕ್ರಮವಾಗಿ 125 ಮತ್ತು 175 ಪೌಂಡುಗಳಿಗೆ ಮಾರಾಟವಾಗುತ್ತಿತ್ತು. ಇಲ್ಲಿ ಕೆ ಎಂದರೆ 1024 ಬೈಟುಗಳು. ಒಂದು ಬೈಟು ಎಂದರೆ ಸೊನ್ನೆ ಅಥವಾ ಒಂದನ್ನು ಹಿಡಿದಿಡುವ ಎಂಟು ಬಿಟ್‌ಗಳ ಗುಂಪು. ಎರಡೂ ಮಾದರಿಗಳ ಕವಚ, ಕೀಲಿಮಣೆಗಳು ಒಂದೇ ಆಗಿದ್ದು, 16 ಕೆ ಯಂತ್ರಕ್ಕೆ ಮುಂದೆ ಚಿಪ್ ಜೋಡಿಸಿ 48 ಕೆಗೆ ಏರಿಸಲು ಅವಕಾಶವಿದ್ದುದರಿಂದ, ಒಳಗೆ ಎಷ್ಟು ಸ್ಮರಣೆಯಿದೆ ಎಂಬುದನ್ನು ಯಂತ್ರದಿಂದಲೇ ಕೇಳಿ ತಿಳಿಯಬೇಕಾಗುತ್ತದೆ.

ಯಂತ್ರಕ್ಕಾದರೂ ಅದು ಮೊದಲೇ ಗೊತ್ತಿರುವುದಿಲ್ಲ. ಅದರ ಜೆಡ್80 ಸಂಸ್ಕಾರಕವು 0ಯಿಂದ 65535ರವರೆಗಿನ ವಿಳಾಸಗಳನ್ನು ಗುರುತಿಸಬಲ್ಲದು. ಅವುಗಳಲ್ಲಿ 16383ರವರೆಗಿನವು ರೋಮ್‌ಗೆ, ಅಂದರೆ ಕಾರ್ಖಾನೆಯಲ್ಲೇ ಬರೆದು ಮುಗಿಸಿದ, ಅಳಿಸಲಾಗದ ಸ್ಮರಣೆಗೆ ಮೀಸಲಾಗಿದ್ದು, ಬರೆದು ಅಳಿಸಬಹುದಾದ ರ‍್ಯಾಮ್ 16384ರಿಂದ ಮೊದಲಾಗುತ್ತದೆ. ವಿದ್ಯುತ್ ಹರಿದೊಡನೆ ರೋಮ್‌ನಲ್ಲಿರುವ ಕಾರ್ಯಕ್ರಮವು 65535ರಿಂದ ಕೆಳಮುಖವಾಗಿ ಪ್ರತಿ ವಿಳಾಸದಲ್ಲೂ 2 ಎಂಬ ಸಂಖ್ಯೆಯನ್ನು ಬರೆಯುತ್ತ ಬಂದು, ಬಳಿಕ ಕೆಳಗಿನಿಂದ ಮೇಲೇರುತ್ತ ಒಂದೊಂದರಿಂದಲೂ ಎರಡು ಬಾರಿ ಒಂದೊಂದನ್ನು ಕಳೆಯುತ್ತದೆ. ಮೊದಲ ಸಲ ಸೊನ್ನೆ ಬರಕೂಡದು, ಎರಡನೆಯ ಸಲ ಬರಲೇಬೇಕು. ಇದು ತಪ್ಪಿದಲ್ಲಿಗೆ ಸ್ಮರಣೆ ಮುಗಿಯಿತೆಂದು ಕಾರ್ಯಕ್ರಮ ತೀರ್ಮಾನಿಸುತ್ತದೆ. ಪರದೆಯ ಚಿತ್ರವೂ ರ‍್ಯಾಮ್‌ನ ಆರಂಭದಲ್ಲಿಯೇ ಇರುವುದರಿಂದ ಈ ಪರೀಕ್ಷೆ ಕಣ್ಣಿಗೂ ಕಾಣುತ್ತದೆ: 2 ಎಂಬುದು ಬಣ್ಣದ ಸಂಕೇತವಾಗಿ ಕಪ್ಪಿನ ಮೇಲೆ ಕೆಂಪನ್ನೂ, ಚಿತ್ರದ ಸಂಕೇತವಾಗಿ ಎಂಟು ಚುಕ್ಕೆಗಳಲ್ಲಿ ಒಂದನ್ನೂ ಸೂಚಿಸುವುದರಿಂದ, ಕ್ಷಣಕಾಲ ತೆಳುವಾದ ಕೆಂಪು ಲಂಬರೇಖೆಗಳು ಮೂಡಿ ಮರೆಯಾಗುತ್ತವೆ.

ಹೀಗೆ ಸಿಕ್ಕ ಕೊನೆಯ ವಿಳಾಸವನ್ನು ಯಂತ್ರವು 23732 ಮತ್ತು 23733ನೆಯ ಬೈಟುಗಳಲ್ಲಿ ಬರೆದಿಡುತ್ತದೆ. ಒಂದು ಬೈಟಿನಲ್ಲಿರುವ ಸಂಖ್ಯೆಯನ್ನು ಓದಿ ಹೇಳುವ ಬೇಸಿಕ್ ಭಾಷೆಯ ಪೀಕ್ ಆದೇಶದಿಂದ ಎರಡನ್ನೂ ಓದಿ, ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿದರೆ, 48 ಕೆ ಯಂತ್ರದಲ್ಲಿ 65535, 16 ಕೆ ಯಂತ್ರದಲ್ಲಿ 32767 ಬರುತ್ತದೆ. ಇದು ವಿಳಾಸವೇ ಹೊರತು ಪ್ರಮಾಣವಲ್ಲ. ರೋಮ್‌ನ ಕೊನೆಯ ವಿಳಾಸವಾದ 16383ನ್ನು ಕಳೆದಾಗಷ್ಟೇ 49152, ಅಂದರೆ 48 ಕೆ, ಎಂಬ ಲೆಕ್ಕ ಸಿಗುತ್ತದೆ.

ಇವೆರಡರ ನಡುವಿನ ಯಾವುದೋ ಸಂಖ್ಯೆ ಬಂದರೆ ಅದರ ಮುಂದಿನ ಬೈಟು ಕೆಟ್ಟಿದೆಯೆಂದೇ ಅರ್ಥ. 48 ಕೆ ಯಂತ್ರದ ಮೇಲಿನ 32 ಕೆ ಭಾಗಕ್ಕೆ, ಒಂದು ಅರ್ಧ ದೋಷಪೂರಿತವಾಗಿದ್ದ 64 ಕಿಲೋಬಿಟ್ ಚಿಪ್‌ಗಳ ಒಳ್ಳೆಯ ಅರ್ಧವನ್ನು ಅಗ್ಗವಾಗಿ ಕೊಂಡು ಬಳಸಲಾಗಿತ್ತೆಂಬುದು ಇಲ್ಲಿ ನೆನೆಯತಕ್ಕದ್ದು. ಆದರೆ 65535 ಬಂದಮಾತ್ರಕ್ಕೆ ಎಲ್ಲವೂ ಸರಿಯೆನ್ನಲಾಗದು. ಈ ಪರೀಕ್ಷೆ ಎಷ್ಟೇ ಚತುರವಾಗಿದ್ದರೂ ಬಳಸುವುದು 2, 1, 0 ಎಂಬ ಸಂಖ್ಯೆಗಳನ್ನು ಮಾತ್ರ. ಇವುಗಳಲ್ಲಿ ಮೇಲಿನ ಆರು ಬಿಟ್‌ಗಳು ಸದಾ ಸೊನ್ನೆಯಾಗಿಯೇ ಇರುವುದರಿಂದ, ಆ ಸ್ಥಾನದ ಬಿಟ್ ಸೊನ್ನೆಯಲ್ಲಿಯೇ ಸಿಕ್ಕಿಕೊಂಡಿದ್ದರೆ ಪತ್ತೆಯಾಗುವುದಿಲ್ಲ. ಅದಕ್ಕಾಗಿ ಪೋಕ್ ಆದೇಶದಿಂದ, ಉದಾಹರಣೆಗೆ 50000ನೆಯ ವಿಳಾಸದಲ್ಲಿ, ಎಂಟೂ ಬಿಟ್‌ಗಳು ಒಂದಾಗಿರುವ 255ನ್ನು ಬರೆದು ಮರಳಿ ಓದಬೇಕು. ಬೈಟಿನ ಎಂಟು ಬಿಟ್‌ಗಳು ಎಂಟು ಬೇರೆ ಬೇರೆ ಚಿಪ್‌ಗಳಲ್ಲಿ ಹಂಚಿಹೋಗಿರುವುದರಿಂದ, 255ರ ಬದಲು 251 ಬಂದರೆ, ಕೊರತೆಯಾದ 4 ಕೆಳಗಿನಿಂದ ಮೂರನೆಯ ಬಿಟ್‌ನ ಬೆಲೆಯಾದ ಕಾರಣ, ಆ ಬಿಟ್‌ಗೆ ಸೇರಿದ ಚಿಪ್ಪನ್ನೇ ಮೊದಲು ಶಂಕಿಸಬೇಕು.