ಮೀನು ಒಳ್ಳೆಯದೇ, ಆದರೆ ಎಣ್ಣೆ?

“ಡಾಕ್ಟ್ರೇ, ಇವರು ಮಾಂಸ ಬಿಟ್ಟು ದಿನಾ ಮೀನೇ ತಿನ್ನುವುದು. ಆದರೂ ಕೊಲೆಸ್ಟ್ರಾಲ್ ಇಳಿಯಲಿಲ್ಲ” ಎಂದು ರಾಮಕುಂಜ, ಆತೂರು ಕಡೆಯ ಮನೆಯವರು ಹೇಳುವುದುಂಟು. ಮೀನು ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ: “ಎಣ್ಣೆಯಲ್ಲಿ ಮುಳುಗಿಸಿ ಫ್ರೈ.”

ಬೂತಾಯಿ, ಬಂಗುಡೆ ಬಡವರ ಮೀನಾದರೂ ಸತ್ವದಲ್ಲಿ ಶ್ರೀಮಂತ. 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ಬಿ12, ಡಿ ವಿಟಮಿನ್‌ಗಳಿವೆ. ಹೃದಯಕ್ಕೆ ಹಿತವಾದ ಒಮೇಗಾ-3 ಕೊಬ್ಬೂ ಇದೆ. ಕರಿದರೂ ಪ್ರೋಟೀನ್ ಬಹುಪಾಲು ಉಳಿಯುತ್ತದೆ. ಸಣ್ಣ ಬೂತಾಯಿಯ ಗರಿಗರಿ ಮುಳ್ಳನ್ನು ಜಗಿದು ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ.

ನಷ್ಟವಾಗುವುದು ಕೊಬ್ಬಿನಲ್ಲಿ. ಕುದಿಯುವ ಎಣ್ಣೆಗೆ ಬಿದ್ದ ಮೀನಿನಿಂದ ನೀರು ಆವಿಯಾಗಿ ಹೊರಡುತ್ತದೆ, ಆ ಜಾಗಕ್ಕೆ ಎಣ್ಣೆ ಬರುತ್ತದೆ. ಮೀನಿನ ಒಳ್ಳೆಯ ಕೊಬ್ಬು ಸ್ವಲ್ಪ ಬಾಣಲೆಗೆ ಇಳಿಯುತ್ತದೆ. ರವೆ, ಅಕ್ಕಿಹುಡಿ ಹಚ್ಚಿದರೆ ಆ ಪದರವೂ ಎಣ್ಣೆ ಹೀರುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ತೆಂಗಿನೆಣ್ಣೆ, ಪಾಮ್ ಎಣ್ಣೆಗಳಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು.

ಇನ್ನೂ ದೊಡ್ಡ ತಪ್ಪು ಕರಿದ ಎಣ್ಣೆಯನ್ನು ಎತ್ತಿಟ್ಟು ಮತ್ತೆ ಮತ್ತೆ ಕಾಯಿಸುವುದು. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಬಂದರೆ ಚೆಲ್ಲಲೇಬೇಕು. ಹೀಗೆ ಕೆಟ್ಟ ಎಣ್ಣೆಯಲ್ಲಿ ಹೆಚ್ಚುವ ‘ಪೋಲಾರ್’ ಅಂಶಗಳು 25 ಶೇಕಡಾ ದಾಟಿದರೆ ಹೋಟೆಲಿನವರು ಅದನ್ನು ಬಳಸಬಾರದೆಂದು ಸರಕಾರದ ನಿಯಮವೇ ಇದೆ. ಮನೆಯಲ್ಲಿ ನೋಡುವವರು ನಾವೇ.

ಯುನಾನಿ ಪದ್ಧತಿಯಲ್ಲಿ ಮೀನಿನ ಮಿಜಾಜ್ ಶೀತ ಮತ್ತು ತೇವ. ಆದ್ದರಿಂದ ಉಷ್ಣ ಗುಣದ ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು ಅದಕ್ಕೆ ಒಪ್ಪುತ್ತವೆ. ಎಣ್ಣೆ ಕುಡಿದ ಮೀನು ಮಾತ್ರ ಹೊಟ್ಟೆಗೆ ಭಾರ.

ಮತ್ತೊಂದು ಮಾತು. ನಮ್ಮೂರಿಗೆ ಮೀನು ಕಡಲ ಕಡೆಯಿಂದ ಗಾಡಿಯಲ್ಲಿ ಬರಬೇಕು. ಐಸ್ ಸಾಲದೆ ಕೆಟ್ಟ ಬಂಗುಡೆ, ಬೂತಾಯಿಯಲ್ಲಿ ಹಿಸ್ಟಮಿನ್ ಎಂಬ ಅಂಶ ಬೆಳೆಯುತ್ತದೆ. ಅದರಿಂದ ಮೈ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಬರಬಹುದು. ಎಷ್ಟು ಕರಿದರೂ ಅದು ಹೋಗದು. ಕಿವಿರು ಕೆಂಪಗಿದೆಯೇ, ಒತ್ತಿದರೆ ಮಾಂಸ ಗಟ್ಟಿಯಿದೆಯೇ ನೋಡಿ ಕೊಳ್ಳಿ, ತಂದ ಕೂಡಲೇ ಫ್ರಿಜ್ಜಿನಲ್ಲಿಡಿ.

ಹಾಗಾದರೆ ಫ್ರೈ ಬಿಡಬೇಕೇ? ಬೇಡ. ಮಸಾಲೆ ಹಚ್ಚಿದ ಮೀನನ್ನು ಕಾವಲಿಯಲ್ಲಿ ಒಂದೆರಡು ಚಮಚ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಎರಡೂ ಬದಿ ಕಾಯಿಸಿ. ಮುಳುಗಿಸಿ ಕರಿಯುವುದು ನೆಂಟರು ಬಂದ ದಿನಕ್ಕಿರಲಿ. ಉಳಿದ ದಿನ ಪುಳಿಮುಂಚಿಯೋ ಸಾರೋ ಮಾಡಿ. ಮೀನಿನಿಂದ ಇಳಿದ ಕೊಬ್ಬು ಸಾರಿನಲ್ಲೇ ಉಳಿದು ಅನ್ನದ ಜೊತೆ ಹೊಟ್ಟೆ ಸೇರುತ್ತದೆ. ಕೊಲೆಸ್ಟ್ರಾಲ್, ಶುಗರ್ ಇದ್ದವರು ಮೀನು ತಿನ್ನುತ್ತೇವೆಂದು ಔಷಧಿ ನಿಲ್ಲಿಸಬೇಡಿ.