ಹೆವಿ ಮೆಟಲ್ ಕಚೇರಿ ಮತ್ತು ಅದರ ಅಭಿಮಾನಿ: ಏಲೂರ್–ಕೊಚ್ಚಿ ಪರಿಸರದಿಂದ ಒಂದು ಅವಲೋಕನ

ಸಂಗೀತವನ್ನು ಕೇಳುವವನಿಗೆ ಕನ್ನಡದಲ್ಲಿ ಹೆಸರುಗಳು ಹಲವಿವೆ. ಶಾಸ್ತ್ರೀಯ ಸಂಗೀತದ ಸಂದರ್ಭದಲ್ಲಿ ಅವನು ರಸಿಕ. ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಸಹೃದಯ. ಚಲನಚಿತ್ರದ ಮಟ್ಟಿಗೆ ಅಭಿಮಾನಿ. ಈ ಹೆಸರುಗಳ ಹಿಂದೆ ಬಹುಮಟ್ಟಿಗೆ ಒಂದೇ ಗ್ರಹಿಕೆಯಿದೆ. ಕಲೆ ವೇದಿಕೆಯ ಮೇಲೆ ನಡೆಯುತ್ತದೆ, ಸ್ವೀಕರಿಸುವವನು ಕೆಳಗೆ ಕುಳಿತಿರುತ್ತಾನೆ, ಮೆಚ್ಚುಗೆಯಾದರೆ ತಲೆದೂಗುತ್ತಾನೆ. ಹೆವಿ ಮೆಟಲ್ ಎಂಬ ಸಂಗೀತ ಪ್ರಕಾರದ ಕಚೇರಿಗೆ ಹೋಗುವವರಿಗೆ ಈ ಯಾವ ಹೆಸರೂ ಸರಿಯಾಗಿ ಒಪ್ಪುವುದಿಲ್ಲ. ಅವರು ಕುಳಿತುಕೊಳ್ಳುವುದಿಲ್ಲ, ತಲೆದೂಗುವುದನ್ನಂತೂ ಕತ್ತು ನೋಯುವವರೆಗೆ ಮಾಡುತ್ತಾರೆ. ಹೊರಗಿನವರ ಕಣ್ಣಿಗೆ ಗಲಭೆಯಂತೆ ತೋರುವ ಈ ಪಾಲ್ಗೊಳ್ಳುವಿಕೆ ವಾಸ್ತವವಾಗಿ ಕಲಿತು ಬಂದ ಒಂದು ನಡಾವಳಿ ಎಂಬುದನ್ನೂ, ಇಂತಹ ಸಭೆಗಳಲ್ಲಿ ನಿಜವಾಗಿ ಅಂಜಬೇಕಾದ ಸಂಗತಿ ಬೇರೆಡೆ ಇದೆ ಎಂಬುದನ್ನೂ ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಏಲೂರ್ ಎಂಬ ಊರನ್ನು ನೆಲೆಯಾಗಿ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಕೊಚ್ಚಿಯ ಉತ್ತರಕ್ಕೆ, ಪೆರಿಯಾರ್ ನದಿಯ ಕವಲುಗಳ ನಡುವೆ ಇರುವ ಈ ದ್ವೀಪ ಕೇರಳದ ಪ್ರಮುಖ ಕೈಗಾರಿಕಾ ಪ್ರದೇಶಗಳಲ್ಲೊಂದು. 1943ರಲ್ಲಿ ಸ್ಥಾಪಿತವಾದ ಫ್ಯಾಕ್ಟ್ ರಸಗೊಬ್ಬರ ಕಾರ್ಖಾನೆಯ ಬೆನ್ನಿಗೆ ಹಲವು ಉದ್ಯಮಗಳು ಇಲ್ಲಿ ನೆಲೆಯೂರಿದವು. ಇಲ್ಲಿನ ನಿವಾಸಿಗಳಿಗೆ ‘ಭಾರಲೋಹ’ ಎಂದರೆ ಮೊದಲು ನೆನಪಾಗುವುದು ನದಿಯ ಕೆಸರಿನಲ್ಲಿ ಪತ್ತೆಯಾದ ಸತು, ಕ್ಯಾಡ್ಮಿಯಂಗಳೇ ಹೊರತು ಸಂಗೀತವಲ್ಲ. ಪದಗಳ ಈ ಆಕಸ್ಮಿಕ ಸಾಮ್ಯವನ್ನು ನಾವು ಹೆಚ್ಚು ಎಳೆಯಲು ಇಚ್ಛಿಸುವುದಿಲ್ಲ. ಆದರೆ ಹೆವಿ ಮೆಟಲ್ ಕಾರ್ಖಾನೆಯ ಊರಿನಲ್ಲೇ ಹುಟ್ಟಿತೆಂಬುದು ಆಕಸ್ಮಿಕವಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿ 13ರಂದು ಹೊರಬಂದಿತು. ಅದರ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡಿದ್ದರು. ಎಡಗೈ ವಾದಕರಾದ ಅವರಿಗೆ ತಂತಿಯನ್ನು ಒತ್ತಬೇಕಾದದ್ದು ಆ ಬೆರಳುಗಳಿಂದಲೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು. ಒತ್ತಲು ಸುಲಭವಾಗಲೆಂದು ಮುಂದೆ ತಂತಿಗಳ ಬಿಗಿಯನ್ನು ಸಡಿಲಿಸಿ ಶ್ರುತಿಯನ್ನು ಇಳಿಸಿದರು. ಈ ಪ್ರಕಾರದ ಗುರುತಾಗಿರುವ ಆ ಮಂದ್ರವಾದ, ತೂಕವುಳ್ಳ ನಾದಕ್ಕೆ ಒಬ್ಬ ಕಾರ್ಮಿಕನ ಗಾಯವೂ ಒಂದು ಮೂಲವೆನ್ನಲಡ್ಡಿಯಿಲ್ಲ. ಅದೇ ತಂಡ ತನ್ನ ಕೊನೆಯ ಕಚೇರಿಯನ್ನು 2025ರ ಜುಲೈ 5ರಂದು ಅದೇ ಊರಿನಲ್ಲಿ ನಡೆಸಿತು. ಅದರ ಗಾಯಕ ಆಜಿ ಆಸ್‌ಬರ್ನ್ ಅದೇ ತಿಂಗಳ 22ರಂದು ತೀರಿಕೊಂಡರು.

ಕೇರಳಕ್ಕೆ ಈ ಸಂಗೀತ ಹೊಸದಲ್ಲ. ಕೊಚ್ಚಿಯಲ್ಲಿ 1970ರ ದಶಕದಲ್ಲೇ ‘13 ಎಡಿ’ ಎಂಬ ರಾಕ್ ತಂಡವಿತ್ತು. 1996ರಲ್ಲಿ ಅಲ್ಲಿಯೇ ಆರಂಭವಾದ ಮದರ್‌ಜೇನ್ ತಂಡದಲ್ಲಿ ಬೈಜು ಧರ್ಮಜನ್ ಅವರ ಗಿಟಾರ್ ಕರ್ನಾಟಕ ಸಂಗೀತದ ಗಮಕಗಳನ್ನು ಒಳಗೊಂಡಿತು. ತಿರುವನಂತಪುರದ ಕೇಯಾಸ್ ಹೆಚ್ಚು ವೇಗದ, ಹೆಚ್ಚು ಒರಟಾದ ಥ್ರ್ಯಾಶ್ ಶೈಲಿಯನ್ನು ಹಿಡಿದರೆ, ಅದೇ ಊರಿನ ಅವಿಯಲ್ ಮಲಯಾಳದಲ್ಲೇ ರಾಕ್ ಹಾಡಿ ತೋರಿಸಿತು. ಹಾಗಿದ್ದರೂ ವಿದೇಶದ ದೊಡ್ಡ ತಂಡವನ್ನು ಕಣ್ಣಾರೆ ಕಾಣಬೇಕೆಂದರೆ ಕೊಚ್ಚಿಯ ಅಭಿಮಾನಿ ಬಹುಕಾಲ ರೈಲು ಹತ್ತಿ ಬೆಂಗಳೂರಿಗೆ ಬರಬೇಕಾಗಿತ್ತು. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಅರಮನೆ ಮೈದಾನದಲ್ಲಿ ಭಾರತದ ತನ್ನ ಮೊದಲ ಕಚೇರಿಯನ್ನು ನಡೆಸಿತು. 2011ರ ಅಕ್ಟೋಬರ್ 30ರಂದು ಅಲ್ಲಿಯೇ ಮೆಟಾಲಿಕಾ.

ಇನ್ನು ಕಚೇರಿಯ ಅನುಭವದ ವಿಚಾರ. ಅದು ಸಂಗೀತಕ್ಕಿಂತ ಬಹಳ ಮುಂಚೆ, ಸರತಿಯಲ್ಲಿ ಆರಂಭವಾಗುತ್ತದೆ. ತಂಡದ ಹೆಸರು ಅಚ್ಚಾದ ಕಪ್ಪು ಅಂಗಿಯೇ ಇಲ್ಲಿ ಪರಿಚಯಪತ್ರ. ಅಪರಿಚಿತರು ಪರಸ್ಪರರ ಅಂಗಿಯನ್ನು ಓದಿಯೇ ಮಾತಿಗಿಳಿಯುತ್ತಾರೆ. ಸಾಮಾನ್ಯ ಜೀವನದಲ್ಲಿ ಮನೆಯವರಿಂದಲೂ ಸಹೋದ್ಯೋಗಿಗಳಿಂದಲೂ ‘ಅದೇನು ಕಿರುಚಾಟ’ ಎಂದು ಕೇಳಿಸಿಕೊಂಡವರಿಗೆ, ತಮ್ಮಂಥವರೇ ಸಾವಿರಾರು ಮಂದಿ ಒಂದೆಡೆ ನೆರೆದಿರುವುದನ್ನು ಕಾಣುವ ಗಳಿಗೆ ಸಣ್ಣದಲ್ಲ. ದೀಪಗಳು ಆರಿ, ಎರಡು ಪೆಡಲುಗಳಿಂದ ಬಾರಿಸುವ ದೊಡ್ಡ ಡ್ರಮ್ಮಿನ ಮೊದಲ ಪೆಟ್ಟುಗಳು ಬಿದ್ದಾಗ ಅದನ್ನು ಕಿವಿ ಕೇಳುವುದಕ್ಕೆ ಎದೆಗೂಡೂ ಜತೆಯಾಗುತ್ತದೆ. ಮಂದ್ರ ಕಂಪನಗಳನ್ನು ಮೈಯೂ ಗ್ರಹಿಸುವುದರಿಂದ, ಮನೆಯಲ್ಲಿ ನೂರು ಸಲ ಕೇಳಿದ ಹಾಡು ಇಲ್ಲಿ ಮೊದಲ ಬಾರಿ ಕೇಳಿದಂತಾಗುತ್ತದೆ. ಪಲ್ಲವಿ ಬಂದಾಗ ಗಾಯಕ ಮೈಕನ್ನು ಸಭೆಯ ಕಡೆಗೆ ಚಾಚುತ್ತಾನೆ. ಹಾಡನ್ನು ಸಭೆಯೇ ಮುಂದುವರಿಸುತ್ತದೆ. ತೋರುಬೆರಳು ಕಿರುಬೆರಳುಗಳನ್ನು ಎತ್ತಿ ತೋರುವ ಕೊಂಬಿನ ಮುದ್ರೆ ಎಲ್ಲೆಡೆ ಏಳುತ್ತದೆ. ಇದನ್ನು ಸೈತಾನನ ಆರಾಧನೆಯೆಂದು ತಿಳಿದವರಿದ್ದಾರೆ. ಇದನ್ನು ಪ್ರಚುರಪಡಿಸಿದ ಗಾಯಕ ರಾನಿ ಜೇಮ್ಸ್ ಡಿಯೊ ಅವರ ಪ್ರಕಾರ, ಇಟಲಿ ಮೂಲದ ಅವರ ಅಜ್ಜಿ ಕೆಟ್ಟ ದೃಷ್ಟಿಯನ್ನು ನಿವಾರಿಸಲು ಮಾಡುತ್ತಿದ್ದ ಮುದ್ರೆ ಇದು. ದೃಷ್ಟಿ ತೆಗೆಯುವುದನ್ನು ಬಲ್ಲ ನಮ್ಮ ಓದುಗರಿಗೆ ಇದು ಅಷ್ಟು ಅಪರಿಚಿತವೆನಿಸಲಾರದು.

ವೇದಿಕೆಯ ಎದುರು, ಗುಂಪಿನ ನಡುವೆ ತೆರೆದುಕೊಳ್ಳುವ ಬಯಲಿಗೆ ಮಾಷ್ ಪಿಟ್ ಎನ್ನುತ್ತಾರೆ. ಅಲ್ಲಿ ಇಳಿದವರು ಲಯಕ್ಕೆ ತಕ್ಕಂತೆ ಒಬ್ಬರ ಮೇಲೊಬ್ಬರು ಭುಜ ತಾಗಿಸುತ್ತ ಹಾಯುತ್ತಾರೆ. ನೋಡುವವರಿಗೆ ಹೊಡೆದಾಟವೆನಿಸಿದರೂ ಇದಕ್ಕೆ ಬರೆಯದ ಕಟ್ಟಳೆಗಳಿವೆ. ಬಿದ್ದವರನ್ನು ಸುತ್ತಲಿನವರು ತಕ್ಷಣ ಎತ್ತಬೇಕು. ಮೊಣಕೈ ಮುಷ್ಟಿಗಳನ್ನು ಬಳಸಬಾರದು. ಅಂಚಿನಲ್ಲಿ ನಿಂತು ನೋಡಬಯಸುವವರನ್ನು ಒಳಗೆ ಎಳೆಯಬಾರದು. ಯಾರದಾದರೂ ಕನ್ನಡಕವೋ ಚಪ್ಪಲಿಯೋ ಸಿಕ್ಕರೆ ಮೇಲೆತ್ತಿ ಹಿಡಿಯಬೇಕು. ಹೊಸಬರು ಇದನ್ನು ಯಾರ ಬೋಧನೆಯಿಂದಲೂ ಕಲಿಯುವುದಿಲ್ಲ. ಒಮ್ಮೆ ಬಿದ್ದು, ನಾಲ್ಕು ಕೈಗಳು ತಮ್ಮನ್ನು ಎತ್ತಿದಾಗ ಕಲಿಯುತ್ತಾರೆ. ಈ ಕಟ್ಟಳೆಗಳು ಎಲ್ಲ ಕಡೆಯೂ ಎಲ್ಲ ಕಾಲಕ್ಕೂ ಪಾಲನೆಯಾಗುತ್ತವೆಂದು ನಾವು ಹೇಳುತ್ತಿಲ್ಲ. ಹೆಣ್ಣುಮಕ್ಕಳು ಅಂಚಿನಲ್ಲೇ ಉಳಿಯಬೇಕಾದ ಕಚೇರಿಗಳು ನಮ್ಮಲ್ಲಿ ಇನ್ನೂ ಉಂಟು. ಆದರೆ ಕಟ್ಟಳೆ ಇದೆಯೆಂಬುದನ್ನು, ಅದು ಮುರಿದಾಗ ಏಳುವ ಆಕ್ಷೇಪವೇ ತೋರಿಸುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂತಹ ಗುಂಪುಗಳ ದೃಶ್ಯಮುದ್ರಿಕೆಗಳನ್ನು ಅಳೆದು 2013ರಲ್ಲಿ ಒಂದು ಭೌತವಿಜ್ಞಾನ ಪ್ರಬಂಧವನ್ನೇ ಪ್ರಕಟಿಸಿದರು. ಪಿಟ್‌ನಲ್ಲಿರುವವರ ವೇಗಗಳ ಹಂಚಿಕೆ ಅನಿಲದ ಕಣಗಳದ್ದನ್ನು ಹೋಲುತ್ತದೆಂದೂ, ಅದೇ ಗುಂಪು ಕೆಲವೊಮ್ಮೆ ಸುಳಿಯಂತೆ ಒಂದೇ ದಿಕ್ಕಿಗೆ ಸುತ್ತತೊಡಗುತ್ತದೆಂದೂ ಅವರು ಕಂಡರು. ಆ ಸುಳಿಗಳಲ್ಲಿ ನೂರಕ್ಕೆ ಸುಮಾರು 95ರಷ್ಟು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವಂತೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅಪ್ರದಕ್ಷಿಣೆ.

ಅಭಿಮಾನಿಯ ಈ ಪಾಲ್ಗೊಳ್ಳುವಿಕೆಯನ್ನು ಪಾಶ್ಚಾತ್ಯ ಉನ್ಮಾದವೆಂದು ತಳ್ಳಿಹಾಕುವವರು ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರಕ್ಕೆ ವೃಶ್ಚಿಕೋತ್ಸವದ ಸಮಯದಲ್ಲಿ ಹೋಗಿ ನೋಡಬೇಕು. ಪೂರ್ಣತ್ರಯೀಶ ದೇವಾಲಯದ ಅಂಗಳದಲ್ಲಿ ನಡೆಯುವ ಪಂಚಾರಿ ಮೇಳ ಐದು ಕಾಲಗಳಲ್ಲಿ ಸಾಗುತ್ತದೆ. ಮೊದಲ ಕಾಲದ ಆವರ್ತ 96 ಅಕ್ಷರಗಳದ್ದು; ಅದು 48, 24, 12 ಎಂದು ಅರ್ಧರ್ಧವಾಗಿ ಕುಗ್ಗಿ ಕೊನೆಗೆ 6ಕ್ಕೆ ಬಂದು ನಿಲ್ಲುತ್ತದೆ. ಆವರ್ತ ಕುಗ್ಗಿದಂತೆಲ್ಲ ಚೆಂಡೆಯ ವೇಗ ಏರುತ್ತದೆ, ನೋಡುವವರ ಕೈಗಳು ತಾಳಕ್ಕೆ ಸರಿಯಾಗಿ ಗಾಳಿಯಲ್ಲಿ ಏಳುತ್ತವೆ. ಆ ಕೈಗಳು ಯಾವಾಗ ಏಳಬೇಕೆಂದು ಬಲ್ಲವರೇ ಮೇಳವನ್ನು ಬಲ್ಲವರು. ಮಲಯಾಳದಲ್ಲಿ ಇಂಥವರಿಗೆ ಮೇಳಕ್ಕಂಬಕ್ಕಾರರು, ಎಂದರೆ ಮೇಳದ ಹುಚ್ಚು ಹಿಡಿದವರು ಎಂಬ ಪ್ರೀತಿಯ ಹೆಸರೇ ಇದೆ. ನಮ್ಮ ಕರಾವಳಿಯಲ್ಲಿ ‘ಆಟದ ಹುಚ್ಚು’ ಎಂದಾಗ ಇರುವುದೂ ಅದೇ ಧ್ವನಿ. ಭಕ್ತಿಯ ಆವರಣ, ಸಾಹಿತ್ಯ, ವಾದ್ಯ ಇವೆಲ್ಲ ಬೇರೆ ಎಂಬುದು ನಿಜ. ಆದರೆ ಮೆಟಲ್ ಹಾಡಿನಲ್ಲಿ ಲಯ ಒಮ್ಮೆಲೇ ಅರ್ಧಕ್ಕಿಳಿಯುವ ಜಾಗವನ್ನು ಮುಂಚಿತವಾಗಿ ಬಲ್ಲ ಅಭಿಮಾನಿ ಅಲ್ಲಿ ತಲೆಯನ್ನು ತಗ್ಗಿಸುವುದಕ್ಕೂ ಮೇಳದವನ ಕೈ ಏಳುವುದಕ್ಕೂ ಇರುವ ಸಂಬಂಧವನ್ನು ಅಲ್ಲಗಳೆಯಲಾಗದು. ಎರಡೂ ಕಡೆ ದೇಹವೇ ತಾಳ ಬಲ್ಲ ಸಾಕ್ಷಿ.

ಹಾಗಾದರೆ ಅಪಾಯವೆಲ್ಲಿ? 2023ರ ನವೆಂಬರ್ 25ರಂದು, ಏಲೂರಿನ ನೆರೆಯ ಕಳಮಶ್ಶೇರಿಯಲ್ಲಿರುವ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಒಂದು ಗೀತಕಾರ್ಯಕ್ರಮ ನಡೆಯಬೇಕಿತ್ತು. ಅದು ಹೆವಿ ಮೆಟಲ್ ಅಲ್ಲ, ಚಲನಚಿತ್ರ ಗಾಯಕಿಯೊಬ್ಬರದು. ಮಳೆ ಬಂದೊಡನೆ ಹೊರಗಿದ್ದವರು ಒಳಗೆ ನುಗ್ಗಿದರು. ಕಡಿದಾದ ಮೆಟ್ಟಿಲುಗಳ ಮೇಲೆ ಜನ ಒಬ್ಬರ ಮೇಲೊಬ್ಬರು ಬಿದ್ದು ನಾಲ್ವರು ಪ್ರಾಣ ಕಳೆದುಕೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ನೆರೆದವರಲ್ಲಿ ಹನ್ನೊಂದು ಮಂದಿ ಸತ್ತರು. ಎರಡೂ ಕಡೆ ಸಾವು ಬಂದದ್ದು ಕುಣಿತದಿಂದಲ್ಲ, ಬಾಗಿಲ ಬಳಿಯ ಇಕ್ಕಟ್ಟಿನಿಂದ. ಒಂದು ಚದರ ಮೀಟರಿಗೆ ಐದಾರು ಮಂದಿಯನ್ನು ಮೀರಿ ಜನ ಒತ್ತಿದಾಗ ಯಾರೂ ತಮ್ಮ ಕಾಲ ಮೇಲೆ ತಾವು ನಿಂತಿರುವುದಿಲ್ಲ. ಗುಂಪು ದ್ರವದಂತೆ ಅಲೆಯತೊಡಗುತ್ತದೆ. ‘ಕಾಲ್ತುಳಿತ’ ಎಂಬ ನಮ್ಮ ಪತ್ರಿಕೆಗಳ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ಇಂತಹ ಸಾವುಗಳಲ್ಲಿ ಬಹುಪಾಲು ತುಳಿತದಿಂದಲ್ಲ, ಎದೆ ಅಮುಕಿ ಉಸಿರುಕಟ್ಟಿ ಆಗುತ್ತವೆ. ಆ ಪದವಾದರೋ ತಪ್ಪನ್ನು ಬಾಗಿಲು ಕಟ್ಟಿದವರಿಂದ ಜನರ ಕಾಲಿನ ಮೇಲೆ ಹಾಕುತ್ತದೆ. ಮಾಷ್ ಪಿಟ್‌ನಲ್ಲಿ, ವಿಚಿತ್ರವೆಂದರೆ, ಜನ ಓಡಾಡಲು ಜಾಗವಿರಲೇಬೇಕು. ಅಭಿಮಾನಿಗಳು ಅಂಜುವುದು ಆ ಬಯಲಿಗಲ್ಲ, ವೇದಿಕೆಯ ಕಟಕಟೆಗೆ ಒತ್ತಿಕೊಂಡ ಮೊದಲ ಸಾಲುಗಳಿಗೆ. 2011ರಲ್ಲಿ ಗುರುಗಾಂವ್‌ನಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಚೇರಿ ನಿಂತುಹೋದದ್ದೂ ವೇದಿಕೆಯೆದುರಿನ ಅಂತಹ ಕಟಕಟೆ ಮುರಿದದ್ದರಿಂದ. ಕಾದು ಸೋತ ಜನ ಆಮೇಲೆ ವೇದಿಕೆಯನ್ನು ಧ್ವಂಸಮಾಡಿದ್ದನ್ನು ಯಾರೂ ಸಮರ್ಥಿಸಲಾರರು. ಎರಡು ದಿನಗಳ ನಂತರ ಬೆಂಗಳೂರಿನಲ್ಲಿ ಅದೇ ತಂಡದ ಕಚೇರಿ ನಡೆಯಿತು.

ಸಂಗೀತವೇ ಕೋಪವನ್ನು ಕೆರಳಿಸುತ್ತದೆಂಬ ವಾದವೂ ಇದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2015ರಲ್ಲಿ ಈ ಬಗೆಯ ಸಂಗೀತದ 39 ಮಂದಿ ಕೇಳುಗರನ್ನು ಮೊದಲು ಸಿಟ್ಟಿಗೇಳಿಸಿ, ನಂತರ ಕೆಲವರಿಗೆ ಅವರ ಸಂಗೀತವನ್ನೂ ಕೆಲವರಿಗೆ ಮೌನವನ್ನೂ ಕೊಟ್ಟು ನೋಡಿದರು. ಸಂಗೀತ ಕೇಳಿದವರ ಕೋಪ ಹೆಚ್ಚಲಿಲ್ಲ. ಅಷ್ಟು ಸಣ್ಣ ಸಂಖ್ಯೆಯಿಂದ ದೊಡ್ಡ ನಿರ್ಣಯಕ್ಕೆ ಬರುವುದು ಸರಿಯಲ್ಲವಾದರೂ, ವಿರುದ್ಧ ವಾದಕ್ಕೆ ಅಷ್ಟೂ ಆಧಾರವನ್ನು ನಾವು ಕಂಡಿಲ್ಲ.

ಹೆವಿ ಮೆಟಲ್ ಕಚೇರಿ ನಿಶ್ಚಿತವಾಗಿ ಕೆಡಿಸುವ ಒಂದು ಅಂಗವಿದೆ, ಅದು ಕಿವಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡದಂತೆ ಸಂಗೀತ ಸ್ಥಳಗಳಲ್ಲಿ ಸರಾಸರಿ ಶಬ್ದಮಟ್ಟ 100 ಡೆಸಿಬಲ್ ಮೀರಬಾರದು. ಅನುಭವಿಗಳು ಕಿವಿಗೆ ರಬ್ಬರಿನ ಬೆಣೆ ಹಾಕಿಕೊಂಡೇ ಬರುತ್ತಾರೆ. ಹೊಸಬರು ಅದನ್ನು ಹೇಡಿತನವೆಂದು ನಗುತ್ತಾರೆ. ಕಚೇರಿ ಮುಗಿದು ಕೊಚ್ಚಿಯ ರೈಲು ಹಿಡಿದ ಮೇಲೆ, ಬೋಗಿಯ ದೀಪ ಆರಿಸಿ ಎಲ್ಲರೂ ಮಲಗಿದ ಹೊತ್ತಿನಲ್ಲಿ, ಯಾರಿಗೆ ಕಿವಿಯೊಳಗೆ ಜೀರುಂಡೆಯಂತಹ ಸದ್ದು ಬೆಳಗಿನವರೆಗೂ ನಿಲ್ಲುವುದಿಲ್ಲವೋ ಅವರು ಮುಂದಿನ ಸಲ ಬೆಣೆ ತರುತ್ತಾರೆ.